ಥಾಣೆಯ 'ಗಟ್ ರೀಸೆಟ್' ಪ್ಯಾಕೇಜ್: ಆಟಿಸಂ ಮಕ್ಕಳ ಅಪ್ಪ-ಅಮ್ಮಂದಿರೇ, ದುಡ್ಡು ಕಟ್ಟಬೇಡಿ

ಕೋಪದಲ್ಲೇ ಬರೆಯುತ್ತಿದ್ದೇನೆ, ಹಿಂದೆಮುಂದೆ ಆದರೆ ಸಹಿಸಿಕೊಳ್ಳಿ. ಥಾಣೆಯ ಒಂದು ಕ್ಲಿನಿಕ್. ಹೆಸರು ಹಾಕಲ್ಲ. "ಹೊಟ್ಟೆ ಸರಿಮಾಡಿದರೆ ಆಟಿಸಂ ಹೋಗುತ್ತೆ" ಅನ್ನುವವರು ಸಿಕ್ಕರೆ ಅವರೇ ಅಂದುಕೊಳ್ಳಿ. ಮಗನ ಮಲದ ಟೆಸ್ಟ್, ಬಣ್ಣಬಣ್ಣದ ರಿಪೋರ್ಟ್, ಆಮೇಲೆ 48,000 ರೂಪಾಯಿ ಪ್ಯಾಕೇಜ್. ಮೊದಲು 'ಕ್ಲೀನ್ಸಿಂಗ್' ಮಾತ್ರೆ, ನಂತರ ಪ್ರೊಬಯಾಟಿಕ್ (ಒಳ್ಳೆ ಬ್ಯಾಕ್ಟೀರಿಯಾ ಇರುವ) ಪುಡಿ.

ಮಾತ್ರೆ ಶುರುವಾಗಿದ್ದೇ ತಡ, ಮಗುವಿಗೆ ಭೇದಿ. ಫೋನ್ ಮಾಡಿದರೆ, "ಕೆಟ್ಟ ಬ್ಯಾಕ್ಟೀರಿಯಾ ಹೊರಗೆ ಹೋಗ್ತಿದೆ ಸರ್, ಒಳ್ಳೆ ಲಕ್ಷಣ." ಮತ್ತೆ ಮಾಡಿದರೂ ಅದೇ. ಒಳ್ಳೆ ಲಕ್ಷಣವಂತೆ!

ಡೊಂಬಿವಲಿಯ ಸ್ಪೀಚ್ ಥೆರಪಿ ಸೆಂಟರ್‌ನಲ್ಲಿ ಬಣ್ಣ ಬಯಲಾಯಿತು. ಬೆಂಚಿನ ಮೇಲೆ ಪಕ್ಕದಲ್ಲಿದ್ದ ಹುಬ್ಬಳ್ಳಿ ಕಡೆಯ ಅಕ್ಕ ಒಬ್ಬರು ಮಗಳ ಫೈಲ್ ತೆರೆದರು. ಅದೇ ರಿಪೋರ್ಟ್. ಅದೇ ಕೆಂಪು ಪಟ್ಟಿ, ಅದೇ ಪರ್ಸೆಂಟ್, ಪಾಯಿಂಟ್ ನಂತರದ ಅಂಕಿಯೂ ಅದೇ. 'ಕ್ಲಾಸ್ಟ್ರಿಡಿಯಂ' ಅನ್ನುವ ಬ್ಯಾಕ್ಟೀರಿಯಾ ಹೆಸರಲ್ಲಿ ಬಿದ್ದಿದ್ದ ಸ್ಪೆಲ್ಲಿಂಗ್ ತಪ್ಪೂ ಅದೇ! ಮಗುವಿನ ಹೆಸರು ಮಾತ್ರ ಬೇರೆ. ಕಿವಿಯೆಲ್ಲ ಬಿಸಿಯಾಯಿತು. ನನ್ನ ಫೈಲ್ ಹೊರಗೆ ತೆಗೆಯಲೂ ನಾಚಿಕೆ.

ನೇರ ಕ್ಲಿನಿಕ್‌ಗೆ ಹೋಗಿ ಕೇಳಿದೆ. "ಆಟಿಸಂ ಮಕ್ಕಳ ಹೊಟ್ಟೆ ಎಲ್ಲಾ ಹೀಗೇ ಇರುತ್ತೆ ಸರ್." ಹಾಗಾದ್ರೆ ಟೆಸ್ಟ್ ಯಾಕೆ ಸ್ವಾಮಿ? ಅದಕ್ಕೆ, "ಮನೆಯಲ್ಲಿ ಮೊಸರನ್ನ ಕೊಟ್ಟಿರ್ತೀರಿ, ಅದಕ್ಕೇ ಗುಣ ಆಗಿಲ್ಲ." ನನ್ನ ಮಗ ಮೊಸರು ಕಂಡರೆ ತಟ್ಟೆಯನ್ನೇ ತಳ್ಳುತ್ತಾನೆ! ದುಡ್ಡು ವಾಪಸ್ ಕೇಳಿದರೆ, ಒಂದು ಡಬ್ಬ ಪುಡಿ ಫ್ರೀ ಕೊಡ್ತೀವಿ ಅಂದರು.

ನಮ್ಮ ಮಕ್ಕಳ ಡಾಕ್ಟರು ಸ್ಟ್ರಿಪ್ ಮೇಲಿನ 'ಕ್ಲೀನ್ಸಿಂಗ್' ಸ್ಟಿಕ್ಕರ್ ಉಗುರಿನಲ್ಲಿ ಕೆರೆದರು. ಕೆಳಗೆ, ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದು ಅನ್ನುವ ಕೆಂಪು ಗೆರೆ. ನೋಡಿದರೆ ಆಂಟಿಬಯಾಟಿಕ್! "ಇದು ಒಳ್ಳೆ ಬ್ಯಾಕ್ಟೀರಿಯಾನೂ ಕೊಲ್ಲುತ್ತೆ. ಔಷಧಿಗೆ ಬಗ್ಗದವು ಉಳಿದು ಹೆಚ್ಚುತ್ತವೆ. ನಾಳೆ ನಿಜವಾಗಿ ಸೋಂಕಾದಾಗ ಇದೇ ಔಷಧಿ ನಾಟದೇ ಹೋಗಬಹುದು" ಅಂತ ಬೈದರು.

ಕ್ಲಿನಿಕ್‌ನವರು ತೋರಿಸಿದ 'ಅಮೆರಿಕದ ಸಂಶೋಧನೆ' 2000ನೇ ಇಸವಿಯದು. ವ್ಯಾಂಕೊಮೈಸಿನ್ ಅನ್ನುವ ಆಂಟಿಬಯಾಟಿಕ್ ಕೊಟ್ಟಿದ್ದು ಬರೀ 11 ಆಟಿಸಂ ಮಕ್ಕಳಿಗೆ. ಹೋಲಿಸಿ ನೋಡಲು ಔಷಧಿ ಕೊಡದ ಗುಂಪೇ ಇಲ್ಲ. ಕಂಡ ಸುಧಾರಣೆಯೂ ಹೆಚ್ಚಿನವರಲ್ಲಿ ಉಳಿಯಲಿಲ್ಲ. ಇದನ್ನು ಮಾತ್ರ ಬಾಯಿಬಿಡಲಿಲ್ಲ, ನೋಡಿ. 2021ರಲ್ಲಿ ಆಸ್ಟ್ರೇಲಿಯಾದವರು ಆಟಿಸಂ ಇರುವ, ಇಲ್ಲದ 247 ಮಕ್ಕಳನ್ನು ನೋಡಿ ಹೇಳಿದ್ದು ಉಲ್ಟಾ: ಆಟಿಸಂ ಮಕ್ಕಳು ಕೆಲವೇ ತಿಂಡಿ ಆರಿಸಿ ತಿನ್ನುವುದರಿಂದ ಹೊಟ್ಟೆಯ ಬ್ಯಾಕ್ಟೀರಿಯಾ ಬೇರೆಯಾಗಿರಬಹುದು. ಬಿಳಿ ಅನ್ನ, ಬಿಸ್ಕತ್ತು ಬಿಟ್ಟು ಬೇರೇನೂ ಮುಟ್ಟದ ನನ್ನ ಮಗನಿಗೆ ಈ ಮಾತೇ ಹೊಂದುತ್ತೆ, ಅಲ್ವಾ?

ಸ್ಟಿಕ್ಕರ್ ಅಂಟಿಸಿದ ಮಾತ್ರೆ ಮುಟ್ಟಬೇಡಿ. ನಿಮ್ಮ ಮಕ್ಕಳ ಡಾಕ್ಟರಿಗೆ ತೋರಿಸದೆ ಏನೂ ಕೊಡಬೇಡಿ. ದುಡ್ಡು ಕೊಡೋ ಮುಂಚೆಯೇ ಬಿಲ್ ಕೇಳಿ. ನನಗಂತೂ ಇನ್ನೂ ಸಿಕ್ಕಿಲ್ಲ. ಕೇಳಿದಾಗಲೆಲ್ಲ, "ಸಿಸ್ಟಮ್ ಡೌನ್ ಇದೆ ಸರ್."