ಸ್ವಿಚ್ ಒಂದು ಸತ್ತರೆ ಮೆಸೇಜ್ ಎಷ್ಟು? ಜ್ಯಾಬಿಕ್ಸ್, ಅಪ್‌ಟೈಮ್ ಕೂಮಾ, ಪಿಂಗ್ ಸ್ಕ್ರಿಪ್ಟ್

ನೆಟ್‌ವರ್ಕ್‌ನ ಸಾಧನ ಆಫ್‌ಲೈನ್ ಆಯಿತು ಅಂತ ಈ ಮೂರೂ ಹೇಳುತ್ತವೆ: ಜ್ಯಾಬಿಕ್ಸ್, ಅಪ್‌ಟೈಮ್ ಕೂಮಾ ಎಂಬ ಎರಡು ಕಣ್ಗಾವಲು ಸಾಫ್ಟ್‌ವೇರ್, ಮತ್ತು ಪಿಂಗ್ (ಬದುಕಿದ್ದೀಯಾ ಅಂತ ಸಾಧನವನ್ನು ಕೇಳುವ ಪುಟ್ಟ ಸಂದೇಶ) ಕಳಿಸುವ, ನಾವೇ ಬರೆದ ಸ್ಕ್ರಿಪ್ಟ್. ನನ್ನ ಓಟು ಮಾತ್ರ ಜ್ಯಾಬಿಕ್ಸ್‌ಗೆ. ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಅನ್ನೋದನ್ನು ಅದಕ್ಕೆ ಕಲಿಸಬಹುದು.

ಸ್ಕ್ರಿಪ್ಟ್ ಎರಡು ಮೂರು ಸಾಧನಕ್ಕೆ ಸಾಕು. ಹಿಂದಿನ ಸ್ಥಿತಿಯನ್ನು ಒಂದು ಫೈಲಿನಲ್ಲಿ ಬರೆದಿಡಬೇಕು, ಇಲ್ಲದಿದ್ದರೆ ಸಾಧನ ಏಳುವ ತನಕ ಕ್ರಾನ್ (ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ನಿಮಿಷಕ್ಕೊಂದು ಮೇಲ್ ಕಳಿಸುತ್ತಲೇ ಇರುತ್ತದೆ.

ಕೂಮಾ ಹಾಕುವುದು ಬಲು ಸುಲಭ: ಡಾಕರ್‌ನಲ್ಲಿ (ಸಾಫ್ಟ್‌ವೇರನ್ನು ಸಿದ್ಧ ಪೊಟ್ಟಣವಾಗಿ ಓಡಿಸುವ ವ್ಯವಸ್ಥೆ) ಎಬ್ಬಿಸಿ, 3001ನೇ ಪೋರ್ಟ್ ತೆರೆದು, ಐಪಿ ಕೊಟ್ಟು, ಟೆಲಿಗ್ರಾಂ ಜೋಡಿಸಿದರೆ ಮುಗಿಯಿತು. ರೀಟ್ರೈ (ಡೌನ್ ಅನ್ನುವ ಮೊದಲು ಮತ್ತೆ ಎಷ್ಟು ಸಲ ನೋಡಬೇಕು ಅನ್ನೋದು) 3 ಇರಲಿ. 0 ಇಟ್ಟರೆ ಒಂದು ಪಿಂಗ್ ತಪ್ಪಿದ್ದಕ್ಕೂ ಫೋನ್ ಕಿರುಚುತ್ತದೆ. ಆದರೆ ಯಾವ ಸಾಧನ ಯಾವುದರ ಹಿಂದಿದೆ ಅನ್ನೋದು ಅದಕ್ಕೆ ತಿಳಿಯದು. 22 ಕ್ಯಾಮೆರಾ ಇರುವ ಸ್ವಿಚ್ (ಹಲವು ಸಾಧನಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಪೆಟ್ಟಿಗೆ) ಸತ್ತರೆ 23 ಮೆಸೇಜ್, ಬೇಕಾದ ಒಂದು ಅದರಡಿ ಎಲ್ಲೋ ಹೂತಿರುತ್ತದೆ. ಗ್ರೂಪ್ ಮಾಡಿದರೂ ಒಳಗಿನವು ಸುಮ್ಮನಾಗುವುದಿಲ್ಲ.

ಜ್ಯಾಬಿಕ್ಸ್‌ನಲ್ಲಿ ಕ್ಯಾಮೆರಾದ ಟ್ರಿಗರ್ (ಸಾಧನ ಬಿದ್ದಿದೆ ಅಂತ ತೀರ್ಮಾನಿಸುವ ನಿಯಮ) ತೆರೆದು, ಡಿಪೆಂಡೆನ್ಸೀಸ್ ಟ್ಯಾಬ್‌ನಲ್ಲಿ ಸ್ವಿಚ್‌ನ ಟ್ರಿಗರ್ ಸೇರಿಸಬೇಕು; ಆಗ ಸ್ವಿಚ್ ಬಿದ್ದಿರುವಾಗ ಕ್ಯಾಮೆರಾದ ಮೆಸೇಜ್ ತಡೆಯಲಾಗುತ್ತದೆ. ಹೀಗೆ ಮಾಡಿಯೂ ಮೊದಲ ಸಲ ಏಳೆಂಟು ಕ್ಯಾಮೆರಾಗಳ ಮೆಸೇಜ್ ಬಂದೇ ಬರುತ್ತದೆ, ಬಹಳ ಮಂದಿ ಅಲ್ಲೇ ಬೇಸತ್ತು ಬಿಟ್ಟುಬಿಡುತ್ತಾರೆ. ತಪ್ಪಿರುವುದು ಸಮಯದಲ್ಲಿ. ಎಲ್ಲಕ್ಕೂ ನಿಮಿಷಕ್ಕೊಮ್ಮೆ ಪಿಂಗ್ ಇಟ್ಟರೂ ಎಲ್ಲವೂ ಒಂದೇ ಸೆಕೆಂಡಿಗೆ ಓಡುವುದಿಲ್ಲ. ಸ್ವಿಚ್‌ನ ಸರದಿ 50ನೇ ಸೆಕೆಂಡಿಗೆ, ಒಂದು ಕ್ಯಾಮೆರಾದ್ದು 5ನೇ ಸೆಕೆಂಡಿಗೆ ಅಂದುಕೊಳ್ಳಿ. ಸತತ ಮೂರು ಪಿಂಗ್ ತಪ್ಪಿದರೆ ಟ್ರಿಗರ್ ಏಳುತ್ತದೆ. ಕ್ಯಾಮೆರಾದ ಮೂರನೆಯದು ಮೊದಲು ತಪ್ಪಿದರೆ, ಆ ಗಳಿಗೆಯಲ್ಲಿ ಜ್ಯಾಬಿಕ್ಸ್ ಲೆಕ್ಕಕ್ಕೆ ಸ್ವಿಚ್ ಇನ್ನೂ ಬದುಕಿದೆ. ಮತ್ತೆ ತಡೆಯುವುದು ಯಾಕೆ?

ಸ್ವಿಚ್‌ನ ಪಿಂಗ್ ಅಂತರ 20 ಸೆಕೆಂಡ್ ಮಾಡಿ, ಕ್ಯಾಮೆರಾಗಳದ್ದು 1 ನಿಮಿಷವೇ ಇರಲಿ. ಸ್ವಿಚ್ ಒಂದು ನಿಮಿಷದೊಳಗೆ ಡೌನ್ ಆಗುತ್ತದೆ, ಕ್ಯಾಮೆರಾಗಳಿಗೆ ಎರಡಾದರೂ ಬೇಕು. ಇದರ ಮೇಲೆ, ಕ್ಯಾಮೆರಾಗಳ ಆ್ಯಕ್ಷನ್‌ನಲ್ಲಿ (ಟ್ರಿಗರ್ ಎದ್ದಾಗ ಏನು ಮಾಡಬೇಕೆಂಬ ಸೆಟ್ಟಿಂಗ್) ಮೆಸೇಜನ್ನು 1ನೇ ಸ್ಟೆಪ್ ಬದಲು 2ನೇ ಸ್ಟೆಪ್‌ನಿಂದ ಶುರುಮಾಡಿ, ಆಗ ಮೆಸೇಜ್ ಒಂದು ಸ್ಟೆಪ್ ಕಾದು ಹೋಗುತ್ತದೆ. ಆ ಪುಟದಲ್ಲೇ ಸ್ಟೆಪ್ ಅವಧಿ ತಾನಾಗಿ 1 ಗಂಟೆ ಇರುತ್ತದೆ, ಅದನ್ನು 2 ನಿಮಿಷಕ್ಕೆ ಇಳಿಸಿ. ಮರೆತರೆ ಸಾಧನ ಬಿದ್ದ ಸುದ್ದಿ ಒಂದು ಗಂಟೆ ಕಳೆದ ಮೇಲೆ ಬರುತ್ತದೆ!

ಸಾಫ್ಟ್‌ವೇರ್‌ಗೆ ಯಾವುದಕ್ಕೂ ದುಡ್ಡಿಲ್ಲ. ಜ್ಯಾಬಿಕ್ಸ್‌ಗೆ ಡೇಟಾಬೇಸ್ ಬೇಕು, ಕಲಿಯಲು ಒಂದೆರಡು ದಿನ ಬೇಕು. ಹತ್ತು ಸಾಧನದೊಳಗೆ, ಅದೂ ಒಂದೇ ಸ್ವಿಚ್ ಇದ್ದರೆ ಇಷ್ಟು ಒದ್ದಾಟ ದಂಡ, ಕೂಮಾ ಹಾಕಿಕೊಳ್ಳಿ. ರಾತ್ರಿ ಫೋನ್ ತಲೆದಿಂಬಿನ ಪಕ್ಕ ಇಟ್ಟು ಮಲಗುವ ನನ್ನಂಥವರಿಗೆ ಜ್ಯಾಬಿಕ್ಸೇ ಸರಿ.

ಯಾವುದನ್ನೇ ಹಾಕಿ, ಇಂಟರ್ನೆಟ್ ಹೋದರೆ ಒಳಗಿನ ಸರ್ವರ್ ಅದನ್ನು ಟೆಲಿಗ್ರಾಂನಲ್ಲಿ ಹೇಳಲಾರದು. ಐದು ನಿಮಿಷಕ್ಕೊಮ್ಮೆ ಅಲ್ಲಿಂದ ಹೊರಗಿನ ಒಂದು ಸೇವೆಗೆ ಪಿಂಗ್ ಹೋಗುತ್ತಿರಲಿ, ನಿಂತರೆ ಆ ಸೇವೆಯೇ ಎಚ್ಚರಿಸಲಿ. ಎಲ್ಲ ಮುಗಿದ ಮೇಲೆ ಸ್ವಿಚ್‌ನ ಅಪ್‌ಲಿಂಕ್ ಕೇಬಲ್ (ಅದನ್ನು ಉಳಿದ ನೆಟ್‌ವರ್ಕ್‌ಗೆ ಜೋಡಿಸುವುದು) ಕಿತ್ತು, ಐದಾರು ನಿಮಿಷ ಕಾದು, ಬಂದ ಮೆಸೇಜ್ ಎಣಿಸಿ. ಒಂದಕ್ಕಿಂತ ಹೆಚ್ಚಿದ್ದರೆ ಪಿಂಗ್ ಅಂತರಗಳನ್ನು ಮತ್ತೆ ನೋಡಿ.