ಟೇಬಲ್ ಬುಕ್ ಮಾಡೋ ಮೊದ್ಲು ಕೇಳ್ಕೊಳ್ಳಿ, ಪಂಚೆ ಉಟ್ಟವ್ರನ್ನ ಒಳಗೆ ಬಿಡ್ತೀರಾ ಅಂತ

ಹೋದ ಭಾನುವಾರ ಆಗಿದ್ದು, ಇನ್ನೂ ಹೊಟ್ಟೆ ಉರೀತಿದೆ. ಮಡಿಕೇರಿ ಹತ್ರ ರೆಸಾರ್ಟ್‌ಗಳಲ್ಲಿ ಊಟಕ್ಕೆ ಅಡ್ವಾನ್ಸ್ ಕಟ್ಟೋರು ದಯವಿಟ್ಟು ಓದಿ.

ನಮ್ದು ಸೋಮವಾರಪೇಟೆ ಕಡೆ, ನಾಲ್ಕು ಎಕ್ರೆ ಅರೇಬಿಕಾ ಕಾಫಿ ತೋಟ. ಈಗ ಕುಯ್ಲು, ಆಳು ಸಿಗಲ್ಲ, ಅಪ್ಪನೇ ದಿನಾ ಹಣ್ಣು ಕುಯ್ಯೋಕೆ ಹೋಗ್ತಾರೆ. ಅವ್ರಿಗೆ 70 ತುಂಬ್ತು, ಒಂದಿನನಾದ್ರೂ ಆರಾಮಾಗಿ ಕೂತು ಊಟ ಮಾಡ್ಲಿ ಅಂತ ಆರು ಜನಕ್ಕೆ ಟೇಬಲ್ ಹೇಳಿ 3000 ರೂಪಾಯಿ ಫೋನ್‌ಪೇ ಮಾಡ್ದೆ. ದುಡ್ಡು ಹೋಗೋವರೆಗೂ ಸರ್ ಸರ್ ಅಂತ ಏನ್ ಮರ್ಯಾದೆ. ಬಟ್ಟೆ ಬಗ್ಗೆ ಒಂದು ಮಾತಿಲ್ಲ, ಮೆಸೇಜ್ ಎಲ್ಲಾ ಇದೆ ನನ್ನತ್ರ, ಒಂದು ಮಾತಿಲ್ಲ.

ಅವತ್ತು ಮೋಡ ಹಾಕಿತ್ತು, ಕಣದಲ್ಲಿದ್ದ ಕಾಫಿ ರಾಶಿ ಮಾಡಿ ಟಾರ್ಪಾಲ್ ಮುಚ್ಚಿ ಹೊರಡೋಷ್ಟ್ರಲ್ಲಿ ಲೇಟು. ಆದ್ರೂ ಅಪ್ಪ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಸ್ವೆಟರ್ ಹಾಕಿ, ಮಫ್ಲರ್ ಸುತ್ಕೊಂಡು ಬಂದ್ರು. ಕಾಲಿಗೆ ಹವಾಯಿ ಚಪ್ಲಿ, ನಿಜ.

ಗೇಟಲ್ಲೇ ಸೆಕ್ಯೂರಿಟಿ ನಮ್ಮ ಹಳೇ ಜೀಪ್ ನೋಡಿ "ಕೆಲ್ಸದವ್ರ ಗಾಡಿ ಹಿಂದ್ಗಡೆ" ಅಂದ. ಬುಕಿಂಗ್ ತೋರಿಸಿದ್ಮೇಲೆ ಬಿಟ್ಟ. ಬಾಗಿಲಲ್ಲಿ ಮ್ಯಾನೇಜರ್ ಅಪ್ಪನ್ನ ಅಡಿಯಿಂದ ಮುಡಿವರೆಗೂ ನೋಡಿ ಆಮೇಲೆ ಕೈ ನೋಡ್ದ. ಕಾಫಿ ಕುಯ್ಯೋರ ಕೈ ಹೇಗಿರತ್ತೆ ನಿಮ್ಗೆ ಗೊತ್ತು, ಉಗುರು ಸಂದಿಯೆಲ್ಲ ಕಪ್ಪು, ಎಷ್ಟು ಸೋಪ್ ಹಾಕಿದ್ರೂ ಕುಯ್ಲು ಮುಗಿಯೋವರೆಗೂ ಹೋಗಲ್ಲ. ಅವ್ನು ನೋಡಿದ್ದು ಗೊತ್ತಾಗಿ ಅಪ್ಪ ಎರಡೂ ಕೈನ ಸ್ವೆಟರ್ ತೋಳೊಳಗೆ ಎಳ್ಕೊಂಡ್ರು. ಅದೇ ಕಣ್ಮುಂದೆ ಬರ್ತಿದೆ ನಂಗೆ.

"ಸಾರಿ ಸರ್, ಡ್ರೆಸ್ ಕೋಡ್ ಇದೆ, ಬೇರೆ ಗೆಸ್ಟ್‌ಗಳು ಕಂಪ್ಲೇಂಟ್ ಮಾಡ್ತಾರೆ." ಒಳಗೆ ನೋಡಿದ್ರೆ ಒಬ್ಬ ಚಡ್ಡಿ ರಬ್ಬರ್ ಚಪ್ಲಿ ಹಾಕ್ಕೊಂಡು ಕೂತು ತಿಂತಿದಾನೆ! ಅವ್ನಿಗೆ ಕೋಡ್ ಇಲ್ವಾ ಅಂದೆ. "ಅವ್ರು ರೂಮ್ ಗೆಸ್ಟ್ ಸರ್." ಸರಿ ನನ್ನ ದುಡ್ಡು ಕೊಡಿ ಅಂದೆ. "ಅಡ್ವಾನ್ಸ್ ವಾಪಸ್ ಕೊಡಲ್ಲ ಸರ್." ನಾವು ಕ್ಯಾನ್ಸಲ್ ಮಾಡಿಲ್ವಲ್ಲ, ನೀವೇ ತಾನೇ ಬಿಡ್ತಿಲ್ಲ ಅಂದ್ರೆ "ಸಿಸ್ಟಮ್‌ನಲ್ಲಿ ನೋ ಶೋ ಅಂತ ಬರತ್ತೆ ಸರ್" ಅಂತಾನೆ. ಆರು ಜನ ಅವ್ನ ಎದುರಿಗೇ ನಿಂತಿದೀವಿ, ಬಂದೇ ಇಲ್ಲ ಅಂತ ಬರ್ಕೊಳ್ತಾನಂತೆ! ಕೊನೆಗೆ "ಬೇಕಾದ್ರೆ ಪಾರ್ಸೆಲ್ ಕೊಡ್ತೀವಿ, ಜೀಪಲ್ಲಿ ಕೂತು ತಿನ್ನಿ" ಅಂದ. ಅಪ್ಪನೇ ನನ್ನ ರಟ್ಟೆ ಹಿಡಿದು ಬಾ ಅಂತ ಎಳ್ಕೊಂಡು ಬಂದ್ರು.

ದಾರೀಲಿ ನಾನೂ ತಪ್ಪು ಮಾಡ್ದೆ. ಸಿಟ್ಟಲ್ಲಿ "ಪ್ಯಾಂಟ್ ಹಾಕ್ಕೊಂಡು ಬರ್ಬೋದಿತ್ತಲ್ಲಪ್ಪ" ಅಂದ್ಬಿಟ್ಟೆ. ಅವ್ರು ಮಾದಾಪುರ ದಾಟಿದ್ರೂ ಮಾತಾಡ್ಲಿಲ್ಲ. ಮಾರನೇ ಬೆಳಿಗ್ಗೆ ನೋಡಿದ್ರೆ ಬಚ್ಚಲಲ್ಲಿ ನಿಂಬೆಹೋಳು ಹಾಕಿ ಉಗುರು ತಿಕ್ತಾ ಕೂತಿದ್ರು.

2024ರ ಜುಲೈಲಿ ಬೆಂಗಳೂರಿನ ಒಂದು ಮಾಲ್‌ನಲ್ಲಿ ಪಂಚೆ ಉಟ್ಟಿದ್ದ ಹಾವೇರಿ ಕಡೆ ರೈತರನ್ನ ತಡೆದ್ರು, ಸರ್ಕಾರ ಮಾಲ್‌ನ 7 ದಿನ ಮುಚ್ಚಿಸ್ತು. ಅದೇ ವರ್ಷ ಫೆಬ್ರವರಿಲಿ ಬಟ್ಟೆ ಕೊಳೆ ಅಂತ ಮೆಟ್ರೋದಲ್ಲಿ ರೈತರೊಬ್ಬರನ್ನ ತಡೆದವ್ನ ಕೆಲ್ಸನೇ ಹೋಯ್ತು. ಆಗ ಬೆಂಗಳೂರಿನವ್ರನ್ನ ಬೈದಿದ್ದೆ. ಈಗ ನಮ್ಮ ಊರಲ್ಲೇ, ಕಾಫಿ ಬೆಳೆಯೋ ಊರಲ್ಲೇ, ಕಾಫಿ ಕುಯ್ದ ಕೈ ಅಸಹ್ಯ ಆಯ್ತು.

ಬಟ್ಟೆ ರೂಲ್ ಇದ್ಯಾ, ದುಡ್ಡು ವಾಪಸ್ ಕೊಡ್ತೀರಾ ಅಂತ ಮೆಸೇಜಲ್ಲೇ ಬರೆಸ್ಕೊಳ್ಳಿ, ಬರೆದು ಕೊಡಲ್ಲ ಅಂದ್ರೆ ಒಂದು ರೂಪಾಯಿನೂ ಹಾಕ್ಬೇಡಿ. ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದೀನಿ. ಇವತ್ತು ಮತ್ತೆ ಆ ಮ್ಯಾನೇಜರ್‌ಗೆ ಫೋನ್ ಮಾಡ್ದೆ, ನನ್ನ ಹೆಸ್ರು ಕೇಳಿದ್ ತಕ್ಷಣ ಇಟ್ಬಿಟ್ಟ.