ಅಮಾಲ್ಫಿ ಕೋಸ್ಟ್‌ಗೆ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು ರೂಮ್ ಬುಕ್ ಮಾಡೋ ಮುಂಚೆ ಇದನ್ನ ಓದಿ

ಇಟಲಿಯ ಅಮಾಲ್ಫಿ ಕೋಸ್ಟ್‌ಗೆ ವಯಸ್ಸಾದೋರ ಜೊತೆ ಹೋಗೋ ಪ್ಲಾನ್ ಇದ್ರೆ ದಯವಿಟ್ಟು ರೂಮ್‌ಗೆ ದುಡ್ಡು ಕಟ್ಟೋ ಮುಂಚೆ ಓನರ್ ಹತ್ರ ಒಂದು ಪ್ರಶ್ನೆ ಕೇಳಿ, ಬಸ್ ನಿಲ್ಲೋ ರೋಡಿಂದ ನಿಮ್ಮ ಮನೆ ಬಾಗಿಲ ತನಕ ಎಷ್ಟು ಮೆಟ್ಟಿಲು, ಲೆಕ್ಕ ಹೇಳಿ ಅಂತ. "ಸ್ವಲ್ಪ ಇದೆ" ಅಂತ ಉತ್ತರ ಬಂದ್ರೆ ಆ ಮನೆ ಬಿಟ್ಬಿಡಿ. ಅಮ್ಮಂಗೆ ಮಂಡಿ ನೋವಿದೆ ಅಂತ ಬರೆದು ಕೇಳಿದ್ಮೇಲೂ ನಮಗೆ ಬಂದಿದ್ದು ಅದೇ ಉತ್ತರ.

ನಾವು ಹಿಡಿದಿದ್ದು ಪೊಸಿತಾನೋದಲ್ಲಿ ಒಂದು ಮನೆ. ಬೀಚ್ 300 ಮೀಟರ್ ಅಂತ ಹಾಕಿದ್ರು. ಆ 300 ಮೀಟರ್ ಮ್ಯಾಪ್ ಮೇಲೆ ಗೆರೆ ಎಳೆದು ಅಳೆದಿದ್ದು, ಆದ್ರೆ ಆ ಊರೇ ಗುಡ್ಡದ ಗೋಡೆಗೆ ಅಂಟಿಕೊಂಡಿದೆ, ರೋಡ್ ಎಲ್ಲೋ ಮೇಲೆ, ಬೀಚ್ ಎಲ್ಲೋ ಕೆಳಗೆ, ನಡುವೆ ಮನೆಗಳ ಸಂದಿಯಲ್ಲಿ ಬರೀ ಮೆಟ್ಟಿಲು. ಮೇಲಿನ ಕಿಯೆಝಾ ನುವೋವಾ ಸ್ಟಾಪಲ್ಲಿ ಇಳಿದು ಸೂಟ್‌ಕೇಸ್ ಎತ್ಕೊಂಡು ಇಳಿಯೋಕೆ ಶುರು ಮಾಡಿದ್ವಿ. ಕಲ್ಲಿನ ಮೆಟ್ಟಿಲು, ಒಂದು ಎತ್ತರ ಇದ್ರೆ ಇನ್ನೊಂದು ಗಿಡ್ಡ, ಎಷ್ಟೋ ಕಡೆ ಹಿಡ್ಕೊಳ್ಳೋಕೆ ಕಂಬಿನೂ ಇಲ್ಲ. ಅಮ್ಮ ಒಂದು ಕೈ ಗೋಡೆಗೆ ಒಂದು ಕೈ ಅಪ್ಪನ ಭುಜಕ್ಕೆ ಕೊಟ್ಟು ಅಡ್ಡಡ್ಡ ತಿರುಗಿ ಒಂದೊಂದೇ ಕಾಲು ಇಡ್ತಾ ಇಳಿದ್ರು. ಮಾರನೇ ದಿನ ಮಂಡಿ ಊದ್ಕೊಂಡು ಅವರು ಹೊರಗೇ ಬರ್ಲಿಲ್ಲ. ಬಾಲ್ಕನಿಯಿಂದ ಸಮುದ್ರ ಕಾಣುತ್ತೆ ನಿಜ, ಅದಕ್ಕೇ ಅಷ್ಟು ಬಾಡಿಗೆ, ಆದ್ರೆ ಅಷ್ಟು ದೂರ ಬಂದು ಅಮ್ಮ ಬಾಲ್ಕನಿಯಲ್ಲೇ ಕೂರೋ ಹಾಗಾಯ್ತಲ್ಲ ಅಂತ ಇವತ್ತಿಗೂ ಸಂಕಟ ಆಗುತ್ತೆ. ಇದರ ಮೇಲೆ ಚೆಕ್-ಇನ್ ಟೈಮಲ್ಲಿ ಕ್ಲೀನಿಂಗ್ ಚಾರ್ಜ್ ಅಂತ ಬುಕಿಂಗಲ್ಲಿ ಎಲ್ಲೂ ಇಲ್ಲದ ದುಡ್ಡನ್ನ ಕ್ಯಾಶಲ್ಲೇ ಕೊಡಿ ಅಂತ ಹಠ ಮಾಡಿದ್ರು.

ಅಲ್ಲಿ ಸಿಟಿ ಟ್ಯಾಕ್ಸ್ ಅಂತ ಒಂದಿದೆ, ತಲೆಗೆ ಒಂದು ರಾತ್ರಿಗೆ ಇಷ್ಟು ಅಂತ, ಅದು ಸರಿಯಾದದ್ದೇ, ಕೊಡ್ಲೇಬೇಕು, ರಸೀದಿ ಇಸ್ಕೊಳ್ಳಿ. ಆದ್ರೆ ಅದರ ನೆಪದಲ್ಲಿ ಬೇರೆ ಏನಾದ್ರೂ ಸೇರಿಸಿದ್ರೆ ಬುಕಿಂಗ್ ತೆಗೆದು ಮುಂದಿಟ್ಟು ಕೇಳಿ. ಇನ್ನೊಂದು, ಟೂರಿಸ್ಟ್‌ಗಳಿಗೆ ಬಾಡಿಗೆ ಕೊಡೋ ಪ್ರತಿ ಮನೆಗೂ ಇಟಲಿ ಸರ್ಕಾರದ್ದೊಂದು ಕೋಡ್ ಇರ್ಬೇಕು, ಸಿ.ಐ.ಎನ್ ಅಂತಾರೆ, 2025ರಿಂದ ಕಡ್ಡಾಯ. ಜಾಹೀರಾತಲ್ಲಿ ಅದು ಕಾಣದಿದ್ರೆ ಅಂಥ ಮನೆ ಬೇಡವೇ ಬೇಡ.

ಇನ್ನು ಓಡಾಟ. ಈ ಕರಾವಳಿಯ ಊರುಗಳಿಗೆ ರೈಲಿಲ್ಲ. ಒಂದು ಕಡೆ ಸೊರೆಂಟೋ ತನಕ, ಇನ್ನೊಂದು ಕಡೆ ಸಲೆರ್ನೋ ಮತ್ತೆ ಅದರ ಪಕ್ಕದ ವಿಯೆತ್ರಿ ತನಕ ರೈಲು, ನಡುವೆ ಇರೋದು ಎಸ್‌ಎಸ್ 163 ಅನ್ನೋ ಒಂದೇ ರೋಡು, ಸುಮಾರು 50 ಕಿಲೋಮೀಟರ್, ಬಂಡೆ ಕೊರೆದು ಮಾಡಿರೋ ಕಿರಿದಾದ ತಿರುವುಗಳು. ಎರಡು ಬಸ್ ಎದುರಾದ್ರೆ ಒಂದು ಹಿಂದೆ ಹೋಗ್ಬೇಕು. ನಾವು ಪೊಸಿತಾನೋದ ಇನ್ನೊಂದು ಸ್ಟಾಪ್ ಸ್ಪೊಂಡಾದಲ್ಲಿ ಅಮಾಲ್ಫಿ ಊರಿನ ಬಸ್ಸಿಗೆ ಬಿಸಿಲಲ್ಲಿ ನಿಂತಿದ್ವಿ, ಬಸ್ ಬಂತು, ಒಳಗೆ ಕಾಲಿಡೋಕೆ ಜಾಗ ಇಲ್ಲ, ಡ್ರೈವರ್ ಕೈ ಆಡಿಸಿ ನಿಲ್ಲಿಸದೇ ಹೋದ, ಮುಂದಿನದೂ ಹಾಗೇ. ಟಿಕೆಟ್ ಮೊದಲೇ ತಬಾಕಿ ಅನ್ನೋ ಸಿಗರೇಟ್ ಅಂಗಡಿಯಲ್ಲಿ ತಗೊಂಡಿದ್ರೂ ಸೀಟು ನಿಮ್ಮದಲ್ಲ, ಯಾಕಂದ್ರೆ ರಿಸರ್ವೇಶನ್ನೇ ಇಲ್ಲ. ಬಸ್ ಹೊರಡೋ ಜಾಗದಲ್ಲೇ ಹತ್ತಿದ್ರೆ ಮಾತ್ರ ಸೀಟು, ಅಂದ್ರೆ ಸೊರೆಂಟೋ ರೈಲ್ವೆ ಸ್ಟೇಷನ್ ಮುಂದೆ, ಅಥವಾ ಅಮಾಲ್ಫಿಯ ಸಮುದ್ರದ ಪಕ್ಕದ ಪಿಯಾಝಾ ಫ್ಲಾವಿಯೋ ಜೋಯಾದಲ್ಲಿ. ನಡುವಿನ ಊರಲ್ಲಿ ಉಳ್ಕೊಂಡೋರಿಗೆ ಸೀಸನ್‌ನಲ್ಲಿ ಕಾಯೋದೇ ಕೆಲಸ. ಕೊನೆಗೆ ಟ್ಯಾಕ್ಸಿ ಕರೆದ್ವಿ, ಅವನು ಕೇಳಿದ ರೇಟಿಗೆ ನಮ್ಮಲ್ಲಿ ಬೆಂಗಳೂರಿಂದ ಕಾರವಾರಕ್ಕೆ ಹೋಗಬಹುದಿತ್ತು.

ಕಾರ್ ಬಾಡಿಗೆಗೆ ತಗೊಳ್ತೀನಿ ಅನ್ನೋರು ಸ್ವಲ್ಪ ಯೋಚ್ನೆ ಮಾಡಿ. ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 6ರ ತನಕ ಕೆಲವು ದಿನ ಆ ರೋಡಲ್ಲಿ ನಂಬರ್ ಪ್ಲೇಟಿನ ಸಮ-ಬೆಸ ರೂಲ್ ಇರುತ್ತೆ, ಆಗಸ್ಟಲ್ಲಂತೂ ಜಾಸ್ತಿ. ನಮ್ಮ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಪರ್ಮಿಟ್ ಬೇಕು, ಊರೊಳಗೆ ಝಡ್‌ಟಿಎಲ್ ಅಂತ ನಿಷೇಧಿತ ಬೀದಿಗಳಿವೆ, ಕ್ಯಾಮೆರಾ ಫೋಟೋ ತೆಗೆದು ಎಷ್ಟೋ ತಿಂಗಳಾದ್ಮೇಲೆ ದಂಡ ಮನೆಗೆ ಬರುತ್ತೆ.

ದೋಣಿ ಒಳ್ಳೇದು, ನಿಜವಾಗ್ಲೂ ಒಳ್ಳೇದು, ಸಲೆರ್ನೋದಿಂದ ಅಮಾಲ್ಫಿಗೆ ಅರ್ಧ ಗಂಟೆ ಚಿಲ್ಲರೆ, ತಿರುವಿನ ವಾಂತಿ ಇಲ್ಲ. ಆದ್ರೆ ಏಪ್ರಿಲ್‌ನಿಂದ ಅಕ್ಟೋಬರ್ ಸುಮಾರಿಗೆ ಮಾತ್ರ, ಗಾಳಿ ಎದ್ದು ಅಲೆ ಜಾಸ್ತಿ ಆದ್ರೆ ಆವತ್ತು ಕ್ಯಾನ್ಸಲ್. ವಿಮಾನ ಹಿಡಿಯೋ ದಿನ ದೋಣಿ ನಂಬ್ಕೊಂಡು ಕೂರ್ಬೇಡಿ.

ಊಟದ ವಿಷ್ಯ ಹೇಳ್ಲೇಬೇಕು. ನಮ್ದು ಕಾರವಾರ, ಮೀನು ಅಂದ್ರೆ ಅಪ್ಪಂಗೆ ಪ್ರಾಣ. ಒಂದು ಹೋಟೆಲಲ್ಲಿ ವೇಟರ್ ತಟ್ಟೆ ತುಂಬ ಐಸ್ ಮೇಲೆ ಹಸಿ ಮೀನು ಇಟ್ಕೊಂಡು ಬಂದು ತೋರಿಸಿದ. ಅಪ್ಪ ಕಿವಿರು ಎತ್ತಿ ನೋಡಿ, ಕಣ್ಣು ಚೆನ್ನಾಗಿದೆ, ತಾಜಾ ಇದೆ ಅಂದ್ರು, ಒಂದು ಸ್ಪಿಗೋಲಾ, ಅಂದ್ರೆ ಸೀ ಬಾಸ್ ಮೀನು, ಆರಿಸಿದ್ವಿ. ರೇಟ್ ಎಷ್ಟು ಅಂದ್ರೆ ಒಂಬತ್ತು ಅಂದ. ಆ ಒಂಬತ್ತು ಯೂರೋ ಒಂದು ಎತ್ತೋಗೆ, ಎತ್ತೋ ಅಂದ್ರೆ ನೂರು ಗ್ರಾಂ, ಅದನ್ನ ಅವನು ಬಾಯಿ ಬಿಡ್ಲೇ ಇಲ್ಲ, ನಮ್ಮ ಮುಂದೆ ತೂಕನೂ ಮಾಡ್ಲಿಲ್ಲ. ಬಿಲ್ಲಲ್ಲಿ ಒಂದೂಕಾಲು ಕಿಲೋ ಮೀನು, ನೂರಾ ಹನ್ನೆರಡು ಯೂರೋ ಮೇಲೆ. ಅಷ್ಟು ದೊಡ್ಡ ಮೀನು ತಟ್ಟೆಗೆ ಬರ್ಲೇ ಇಲ್ಲ ಅಂತ ಅಪ್ಪ ಈಗ್ಲೂ ಹೇಳ್ತಾರೆ, ಐವತ್ತು ವರ್ಷ ಮೀನು ತಂದ ಕೈ ಅದು, ನಾನು ಅವರ ಮಾತೇ ನಂಬ್ತೀನಿ. ಮೆನುವಲ್ಲಿ "ಆಲ್ ಎತ್ತೋ" ಅಂತಿದ್ರೆ ತೂಕ ಮಾಡಿಸಿ, ಒಟ್ಟು ದುಡ್ಡನ್ನ ಚೀಟಿಯಲ್ಲಿ ಬರೆಸ್ಕೊಂಡೇ ಹೂಂ ಅನ್ನಿ. ಮೀನಿನ ಹೆಸರ ಪಕ್ಕ ನಕ್ಷತ್ರದ ಗುರುತಿದ್ರೆ ಸಾಮಾನ್ಯವಾಗಿ ಅದು ಫ್ರೀಜರ್‌ದು. ಕೊಪೆರ್ತೋ, ಅಂದ್ರೆ ಟೇಬಲ್‌ಗೆ ಕೂತಿದ್ದಕ್ಕೆ ಚಾರ್ಜ್, ಅಂತ ತಲೆಗೆ ಕೆಲವು ಯೂರೋ ಹಾಕೋದು ಮೋಸ ಅಲ್ಲ, ಅಲ್ಲಿನ ಪದ್ಧತಿ, ಆದ್ರೆ ಮೆನುವಲ್ಲಿ ಬರೆದಿರ್ಬೇಕು.

ವೆಜ್ ನವರಿಗೆ ತೊಂದ್ರೆ ಅಷ್ಟಿಲ್ಲ, ಮರಿನಾರಾ ಪಿಜ್ಜಾ ಬರೀ ಟೊಮೆಟೊ ಬೆಳ್ಳುಳ್ಳಿದು, ಸೊರೆಂಟೋ ಕಡೆಯ ಞೋಕಿ, ಅಂದ್ರೆ ಆಲೂಗಡ್ಡೆ ಹಿಟ್ಟಿನ ಸಣ್ಣ ಉಂಡೆಗಳು, ಅದೂ ಸಿಗುತ್ತೆ, ಆದ್ರೆ ಪಾರ್ಮೆಸಾನ್ ಚೀಸ್‌ಗೆ ಹಾಲು ಒಡೆಯೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕ್ತಾರೆ, ತಿನ್ನದೋರು ಮೊದಲೇ ಬೇಡ ಅನ್ನಿ. ಮಧ್ಯಾಹ್ನದ ಊಟ ಮುಗಿದ್ರೆ ಬಹಳ ಕಡೆ ಅಡುಗೆಮನೆ ಬಂದ್, ಮತ್ತೆ ತೆಗೆಯೋದು ಏಳು ಏಳೂವರೆಗೆ. ಶುಗರ್ ಇರೋರ ಬ್ಯಾಗಲ್ಲಿ ಏನಾದ್ರೂ ತಿನ್ನೋಕೆ ಇರ್ಲೇಬೇಕು.

ಅಮ್ಮನ ಮಂಡಿ ನೋಡಿ ನಾವು ಉಳಿದ ರಾತ್ರಿಗಳ ದುಡ್ಡು ಬಿಟ್ಟು ಸಲೆರ್ನೋಗೆ ಬಂದ್ವಿ, ರೀಫಂಡ್ ಒಂದು ಪೈಸೆನೂ ಬರ್ಲಿಲ್ಲ. ವಯಸ್ಸಾದೋರ ಜೊತೆ ಹೋಗೋರು ಮೊದಲಿಂದಲೇ ಅಲ್ಲಿ ಉಳ್ಕೊಳ್ಳಿ. ಸಮುದ್ರದ ಪಕ್ಕ ಉದ್ದಕ್ಕೆ ಸಮತಟ್ಟು ರೋಡು, ಬಾಡಿಗೆ ಕಮ್ಮಿ, ಫಾಸ್ಟ್ ಟ್ರೈನ್ ನೇಪಲ್ಸ್ ರೋಮ್ ಎರಡೂ ಕಡೆಯಿಂದ ಬರುತ್ತೆ, ದೋಣಿ ಹತ್ತೋ ಪಿಯಾಝಾ ಡೆಲ್ಲಾ ಕೊಂಕೊರ್ದಿಯಾ ಸ್ಟೇಷನ್‌ನಿಂದ ನಡೆಯೋ ದೂರ. ಕರಾವಳಿ ಊರಲ್ಲೇ ಇರ್ಬೇಕು ಅಂದ್ರೆ ಮಯೋರಿ ನೋಡಿ, ಆ ಭಾಗದ ಉದ್ದದ ಬೀಚ್ ಅಲ್ಲೇ ಇರೋದು, ಬೀಚ್ ಪಕ್ಕದ ರಸ್ತೆಯೂ ಸಮತಟ್ಟು. ಅಮ್ಮ ಅಲ್ಲಿ ಒಂದು ಸಂಜೆ ಯಾರ ಕೈಯೂ ಹಿಡಿಯದೇ ಬೀಚ್ ಉದ್ದಕ್ಕೂ ನಡೆದ್ರು. ಅಲ್ಲೂ ರೂಮ್ ಹಿಡಿಯೋವಾಗ ಮೆಟ್ಟಿಲ ಲೆಕ್ಕ ಕೇಳಿ, ಉತ್ತರದ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ.